ಪಿಯುಸಿ ನಂತರ ಜವಳಿ ಶಿಕ್ಷಣ: ಏನು ಕಲಿಯಬೇಕು, ಎಲ್ಲಿ ಕಲಿಯಬೇಕು

ದ್ವಿತೀಯ ಪಿಯುಸಿ ತರಗತಿಯಲ್ಲಿ "ಮುಂದೇನು?" ಎಂದು ಕೇಳಿದರೆ ವಿಜ್ಞಾನದವರಿಂದ ನೀಟ್ ಮತ್ತು ಕಂಪ್ಯೂಟರ್ ಸೈನ್ಸ್ ಎಂಬ ಎರಡು ಉತ್ತರಗಳು, ವಾಣಿಜ್ಯದವರಿಂದ ಬಿ.ಕಾಂ. ಮತ್ತು ಸಿ.ಎ. ಎಂಬ ಎರಡು ಉತ್ತರಗಳು ಬರುತ್ತವೆ. ಕಲಾ ವಿಭಾಗದವರು ಸುಮ್ಮನೆ ಕುಳಿತಿರುತ್ತಾರೆ. ಜವಳಿಯ ಹೆಸರೆತ್ತಿದರೆ ಹಿಂದಿನ ಬೆಂಚಿನಿಂದ "ಟೈಲರಿಂಗಾ ಸಾರ್?" ಎಂಬ ಮಾತು, ಅದರ ಹಿಂದೆ ನಗು. ಹೀಗೆ ನಗುವವರಲ್ಲೇ ಕೆಲವರ ಮನೆಯಲ್ಲಿ ಹೊಲಿಗೆ ಅಂಗಡಿ ಇದೆ, ಕೆಲವರ ಮನೆಯಲ್ಲಿ ಪವರ್‌ಲೂಮ್ ಇದೆ, ಇನ್ನು ಕೆಲವರ ನೆಂಟರು ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಫಿಲೇಚರ್ ನಡೆಸುತ್ತಾರೆ. ಕಸುಬು ಮನೆಯಲ್ಲೇ ಇರುವುದರಿಂದ ಅದರಲ್ಲಿ ಓದುವಂಥದ್ದೇನೂ ಇಲ್ಲ ಎಂಬ ಭಾವನೆ ಬೆಳೆದಿರಬಹುದು.

ಓದುವಂಥದ್ದು ಬಹಳ ಇದೆ. ನಾಲ್ಕು ವರ್ಷದ ಬಿ.ಇ., ಬಿ.ಟೆಕ್., ಅದರ ಮೇಲೆ ಎಂ.ಟೆಕ್., ಪಿಎಚ್.ಡಿ.ವರೆಗೂ ಹೋಗುವ ವಿಷಯ ಇದು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಲೆಕ್ಕಶಾಸ್ತ್ರ ಎಲ್ಲಕ್ಕೂ ಇಲ್ಲಿ ಕೆಲಸ ಇದೆ. ಕೋರ್ಸುಗಳ ಹೆಸರುಗಳನ್ನು ಮೊದಲೇ ಒಪ್ಪಿಸಿಬಿಟ್ಟರೆ ನಿಮಗೆ ಏನೂ ಅರ್ಥವಾಗುವುದಿಲ್ಲ. ಆದ್ದರಿಂದ ಮೊದಲು ವಿಷಯ ಏನು ಎಂಬುದನ್ನು ನೋಡೋಣ, ಕಾಲೇಜುಗಳ ಮಾತು ಆಮೇಲೆ.

ಹತ್ತಿಯಿಂದ ನೂಲು

ಹೊಲದಿಂದ ಬಂದ ಹತ್ತಿಯಲ್ಲಿ ಬೀಜ ಇರುತ್ತದೆ. ಅದನ್ನು ಬೇರ್ಪಡಿಸುವುದು ಜಿನ್ನಿಂಗ್. ಆಮೇಲೆ ಅರಳೆಯ ಬೇಲುಗಳು ನೂಲಿನ ಗಿರಣಿಗೆ ಹೋಗುತ್ತವೆ. ಅಲ್ಲಿ ಬ್ಲೋರೂಮಿನಲ್ಲಿ ಅರಳೆಯನ್ನು ಬಿಡಿಸಿ ಕಸ ತೆಗೆಯುತ್ತಾರೆ. ಕಾರ್ಡಿಂಗ್ ಯಂತ್ರದಲ್ಲಿ ಎಳೆಗಳನ್ನು ಬಾಚಿ ಹಗ್ಗದಂತಹ ಮೆತ್ತನೆಯ ಪಟ್ಟಿ ಮಾಡುತ್ತಾರೆ. ಅದನ್ನು ಎಳೆದು ತೆಳುವಾಗಿಸಿ, ಕೊನೆಗೆ ರಿಂಗ್ ಫ್ರೇಮಿನಲ್ಲಿ ತಿರುಚಿದರೆ ನೂಲು. ನಮ್ಮ ಅಜ್ಜಿಯರ ಕಾಲದ ಚರಕದಲ್ಲೂ ಎಳೆಯುವುದು ಮತ್ತು ತಿರುಚುವುದು ಎಂಬ ಎರಡೇ ಕೆಲಸ ಇದ್ದವು. ಗಿರಣಿಯಲ್ಲೂ ಅವೇ ಎರಡು.

ಅಂಗಡಿಯಲ್ಲಿ "ನಲವತ್ತರ ನೂಲು", "ಅರವತ್ತರ ನೂಲು" ಎಂದು ಹೇಳುವುದನ್ನು ಕೇಳಿರುತ್ತೀರಿ. ಇದಕ್ಕೆ ಕೌಂಟ್ ಎನ್ನುತ್ತಾರೆ. 840 ಗಜ ಉದ್ದದ ನೂಲು ಒಂದು ಲಡಿ. ಒಂದು ಪೌಂಡ್ ತೂಕದಲ್ಲಿ ಇಂತಹ ಎಷ್ಟು ಲಡಿಗಳಿವೆಯೋ ಅದೇ ಕೌಂಟ್. 40ರ ನೂಲಾದರೆ ಒಂದು ಪೌಂಡಿನಲ್ಲಿ 40 × 840 = 33,600 ಗಜ. ಕೌಂಟ್ ಹೆಚ್ಚಾದಷ್ಟೂ ನೂಲು ಸಣ್ಣ. ರೇಷ್ಮೆ ಮತ್ತು ಪಾಲಿಯೆಸ್ಟರ್‌ಗೆ ಲೆಕ್ಕ ತಿರುವುಮುರುವು. 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬುದೇ ಡೆನಿಯರ್, ಸಂಖ್ಯೆ ಹೆಚ್ಚಾದರೆ ಎಳೆ ದಪ್ಪ. ಸಂದರ್ಶನದಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು, ತಡವರಿಸುವವರೂ ಬಹಳ.

ಹತ್ತಿ ನೂಲುವ ಕೋಣೆಯಲ್ಲಿ ಗಾಳಿಯ ತೇವಾಂಶವನ್ನು ಬೇಕೆಂದೇ ಹೆಚ್ಚಾಗಿ ಇಡುತ್ತಾರೆ, ಒಣಗಾಳಿಯಲ್ಲಿ ಎಳೆ ಕಡಿಯುತ್ತದೆ. ಹಾಗಾಗಿ ಒಳಗೆ ಬೆವರು ಆರುವುದಿಲ್ಲ. ಹತ್ತಿಯ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಬಿಸಿನೋಸಿಸ್ ಎಂಬ ರೋಗ ಬರುತ್ತದೆ. ಧೂಳನ್ನು ಹೀರುವ ಯಂತ್ರ, ಗಾಳಿಯಾಟದ ವ್ಯವಸ್ಥೆ ಸರಿಯಾಗಿದೆಯೇ ಎಂದು ನೋಡುವುದು ಜವಳಿ ಇಂಜಿನಿಯರನ ಕೆಲಸದ ಭಾಗ. ಅವನು ಅದನ್ನು ಅಲಕ್ಷ್ಯ ಮಾಡಿದರೆ ಕೆಮ್ಮುವವರು ಬೇರೆಯವರು.

ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ಹತ್ತಿಯ ಎರಡು ಬೇರೆ ಜಾತಿಗಳನ್ನು ಬೆರೆಸಿ ವ್ಯಾಪಾರಕ್ಕೆ ಒದಗುವ ಹೈಬ್ರಿಡ್ ತಳಿಯನ್ನು ಜಗತ್ತಿನಲ್ಲೇ ಮೊದಲು ಕೊಟ್ಟ ಊರು ಧಾರವಾಡ. 1972ರಲ್ಲಿ ಬಂದ 'ವರಲಕ್ಷ್ಮಿ' ತಳಿ ಡಾ. ಬಿ.ಎಚ್. ಕಟರಕಿ ಅವರ ಕೆಲಸ. ಬಟ್ಟೆಯ ವಿಜ್ಞಾನ ಎಲ್ಲೋ ಇಂಗ್ಲೆಂಡಿನಲ್ಲಿ ಮಾತ್ರ ನಡೆದದ್ದಲ್ಲ.

ಏಳು ಕಿಲೋ ಗೂಡು, ಒಂದು ಕಿಲೋ ನೂಲು

ರೇಷ್ಮೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಈ ಉದ್ಯಮಕ್ಕೆ ಬುನಾದಿ ಹಾಕಿದ. ನೂರು ವರ್ಷಗಳ ನಂತರ ಜೆ.ಎನ್. ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ತೆರೆದು ಜಪಾನಿನ ಪದ್ಧತಿ ತಂದರು. 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಬಂತು. ಇಂದು ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಅಲ್ಲಿ ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಅಜ್ಜ ಚರಕದಲ್ಲಿ ಬಿಚ್ಚಿದ, ಅಪ್ಪ ಕಾಟೇಜ್ ಬೇಸಿನ್ ಹಾಕಿದ, ಮಗ ಮಲ್ಟಿ-ಎಂಡ್ ಯಂತ್ರಕ್ಕೆ ಸಾಲ ಮಾಡಿದ. ಈಗ ಪೂರ್ತಿ ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಬಂದಿವೆ.

ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಅದು ಸುಮಾರು 2.5 ಡೆನಿಯರ್, ಒಂಟಿಯಾಗಿ ಬಳಸಲಾಗದಷ್ಟು ಸಣ್ಣ. ಬಿಸಿನೀರಿನಲ್ಲಿ ಎಂಟು ಗೂಡುಗಳ ತುದಿ ಹಿಡಿದು ಒಟ್ಟಿಗೆ ಬಿಚ್ಚಿದರೆ ಪೇಟೆಗೆ ಬೇಕಾದ 20-22 ಡೆನಿಯರ್ ನೂಲು ಸಿಗುತ್ತದೆ. 21 ಡೆನಿಯರ್ ಎಂದು ಇಟ್ಟುಕೊಂಡು ಒಂದು ಕಿಲೋ ನೂಲಿನ ಉದ್ದ ಲೆಕ್ಕ ಹಾಕಿ. 9,000 ಮೀಟರಿಗೆ 21 ಗ್ರಾಂ ಆದರೆ 1,000 ಗ್ರಾಂಗೆ ಸುಮಾರು 4,28,500 ಮೀಟರ್, ಅಂದರೆ 428 ಕಿಲೋಮೀಟರ್. ಬೆಂಗಳೂರಿನಿಂದ ರಸ್ತೆಯಲ್ಲಿ ಹೊರಟರೆ ಹುಬ್ಬಳ್ಳಿ ದಾಟುತ್ತದೆ. ಇಷ್ಟುದ್ದ ಎಳೆ ಎಲ್ಲೂ ದಪ್ಪ-ಸಣ್ಣ ಆಗದಂತೆ ಬರಬೇಕು. ಒಂದು ಗೂಡು ಖಾಲಿಯಾದ ಕೂಡಲೇ ಇನ್ನೊಂದರ ತುದಿ ಸೇರಿಸಬೇಕು. ಸೇರಿಸಲು ತಡವಾದರೆ ಅಷ್ಟು ಉದ್ದ ನೂಲು ಸಣ್ಣದಾಗುತ್ತದೆ, ಮಗ್ಗದಲ್ಲಿ ಅಲ್ಲೇ ಕಡಿಯುತ್ತದೆ.

ಈಗ ವ್ಯಾಪಾರದ ಲೆಕ್ಕ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದಕ್ಕೆ ರೆಂಡಿಟ್ಟಾ ಎನ್ನುತ್ತಾರೆ. ಒಬ್ಬ ರೀಲರ್ ದಿನಕ್ಕೆ 100 ಕಿಲೋದಂತೆ ಹತ್ತು ದಿನದಲ್ಲಿ 1,000 ಕಿಲೋ ಗೂಡು ಬಿಚ್ಚಿದ ಎನ್ನಿ. ರೆಂಡಿಟ್ಟಾ 7 ಇದ್ದರೆ ನೂಲು 142.9 ಕಿಲೋ. ಅದನ್ನು 6.5ಕ್ಕೆ ಇಳಿಸಿದರೆ 153.8 ಕಿಲೋ. ವ್ಯತ್ಯಾಸ ಹತ್ತಿರ ಹತ್ತಿರ 11 ಕಿಲೋ. ಲೆಕ್ಕದ ಅನುಕೂಲಕ್ಕೆ ನೂಲಿನ ದರ ಕಿಲೋಗೆ ₹4,000 ಎಂದು ಹಿಡಿದರೆ ಹತ್ತು ದಿನಕ್ಕೆ ₹44,000. ಗೂಡು ಅದೇ, ಕೊಟ್ಟ ಹಣ ಅದೇ, ಕೂಲಿಯೂ ಅದೇ. ಈ ಹಣ ಎಲ್ಲಿಂದ ಬಂತು? ಗೂಡು ಆರಿಸುವುದು, ಹದವಾಗಿ ಒಣಗಿಸುವುದು, ಬೇಯಿಸುವ ನೀರಿನ ಉಷ್ಣತೆ, ನೀರಿನ ಗಡಸುತನ, ತುದಿ ಹುಡುಕುವಾಗ ಹಾಳಾಗುವ ಎಳೆ, ಇವೆಲ್ಲದರಿಂದ. ಅಪ್ಪನಿಗೆ ಇದು ಕೈಯಂದಾಜಿನಲ್ಲಿ ಗೊತ್ತು. ನಿಜವಾಗಿಯೂ ಗೊತ್ತು, ಆ ಅಂದಾಜನ್ನು ಹಗುರ ಮಾಡಬೇಡಿ. ಆದರೆ ಯಂತ್ರ ಬದಲಾದಾಗ, ನೀರು ಬದಲಾದಾಗ, ಕೊಳ್ಳುವವನು ನೂಲಿನ ದರ್ಜೆಯ ಪರೀಕ್ಷಾ ವರದಿ ಕೇಳಿದಾಗ ಕೈಯಂದಾಜು ಮಾತ್ರ ಸಾಲದು. ರೇಷ್ಮೆ ತಂತ್ರಜ್ಞಾನ ಓದಿದವನು ಆ ಅಂದಾಜಿಗೆ ಥರ್ಮಾಮೀಟರ್ ಮತ್ತು ತಕ್ಕಡಿ ಜೋಡಿಸುತ್ತಾನೆ. ಮನೆಯಲ್ಲಿ ಫಿಲೇಚರ್ ಇದ್ದೂ ಇದನ್ನು ಓದದೆ, ಸೀಟು ಸಿಕ್ಕಿತೆಂದು ಇಷ್ಟವಿಲ್ಲದ ಇನ್ಯಾವುದೋ ಶಾಖೆಗೆ ಸೇರಿ ಮೂರನೇ ಸೆಮಿಸ್ಟರಿನಲ್ಲಿ ಬಿಡುವ ಹುಡುಗರನ್ನು ಕಂಡರೆ ಬೇಸರವಾಗುತ್ತದೆ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಎಂದರೆ ನಮಗೆಲ್ಲ ಟ್ರಾಫಿಕ್ ಮಾತ್ರ ನೆನಪಾಗುತ್ತದೆ. ಆ ಹೆಸರು ಬಂದದ್ದು ಅಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯಿಂದ. ಅದರ ಕೈಕೆಳಗೆ ಬೆಂಗಳೂರಿನಲ್ಲೇ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ, ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಕೃಷಿ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇವೆ. ಮೊದಲನೆಯದು ಗೂಡಿನಿಂದ ಬಟ್ಟೆಯವರೆಗಿನ ಕೆಲಸ, ಎರಡನೆಯದು ಹಿಪ್ಪುನೇರಳೆ ಮತ್ತು ಹುಳುವಿನ ಕೆಲಸ ನೋಡಿಕೊಳ್ಳುತ್ತದೆ.

ಬಣ್ಣದ ರಸಾಯನಶಾಸ್ತ್ರ

ನಿಮ್ಮ ಜೈವಿಕ ಅಣುಗಳ ಪಾಠದಲ್ಲಿ ಸೆಲ್ಯುಲೋಸ್ ಮತ್ತು ಪ್ರೋಟೀನ್ ಬರುತ್ತವೆ. ಪರೀಕ್ಷೆಗೆ ರಚನೆ ಬರೆದು ಮರೆಯುವ ಬದಲು ಇದನ್ನು ನೋಡಿ. ಹತ್ತಿ ಎಂದರೆ ಸೆಲ್ಯುಲೋಸ್, ಅದರ ತುಂಬ ಹೈಡ್ರಾಕ್ಸಿಲ್ ಗುಂಪುಗಳು. ರಿಯಾಕ್ಟಿವ್ ಬಣ್ಣವು ಕ್ಷಾರೀಯ ದ್ರಾವಣದಲ್ಲಿ ಆ ಗುಂಪಿನೊಂದಿಗೆ ಸಹವೇಲೆನ್ಸಿ ಬಂಧ ಕಟ್ಟುತ್ತದೆ, ಆದ್ದರಿಂದಲೇ ಒಗೆದರೂ ಹೋಗುವುದಿಲ್ಲ. ರೇಷ್ಮೆ ಮತ್ತು ಉಣ್ಣೆ ಪ್ರೋಟೀನು, ಅವಕ್ಕೆ ಆಮ್ಲೀಯ ಬಣ್ಣಗಳು ಹಿಡಿಯುತ್ತವೆ. ಪಾಲಿಯೆಸ್ಟರ್ ನೀರನ್ನೇ ಒಳಗೆ ಬಿಡುವುದಿಲ್ಲ, ಅದಕ್ಕೆ ಒತ್ತಡದ ಪಾತ್ರೆಯಲ್ಲಿ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡಿಸ್ಪರ್ಸ್ ಬಣ್ಣ ಹಾಕಬೇಕು. ಹತ್ತಿ-ಪಾಲಿಯೆಸ್ಟರ್ ಬೆರಕೆ ಬಟ್ಟೆಗೆ ಎರಡು ಬಗೆಯ ಬಣ್ಣ ಬೇಕಾಗುವುದು ಇದೇ ಕಾರಣಕ್ಕೆ. ಇನ್ನು ರೇಷ್ಮೆ ಎಳೆಯ ತೂಕದ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟು. ಸೋಪು ನೀರಿನಲ್ಲಿ ಕುದಿಸಿ ಅದನ್ನು ತೆಗೆದ ಮೇಲೆಯೇ ಹೊಳಪು ಬರುವುದು.

ಕೃತಕ ಬಣ್ಣದ ಉದ್ಯಮಕ್ಕೆ ನಾಂದಿ ಹಾಡಿದ ವಿಲಿಯಂ ಪರ್ಕಿನ್ 1856ರಲ್ಲಿ ಮಲೇರಿಯಾ ಔಷಧಿ ಕ್ವಿನೈನ್ ಮಾಡಲು ಹೊರಟು ನೇರಳೆ ಬಣ್ಣ ಕಂಡುಹಿಡಿದ. ಆಗ ಅವನಿಗೆ 18 ವರ್ಷ, ನಿಮ್ಮದೇ ವಯಸ್ಸು.

ಬಣ್ಣದಲ್ಲಿ ಒಂದು ಭಾಗ ಬಟ್ಟೆಗೆ ಹಿಡಿಯದೆ ನೀರಿನಲ್ಲೇ ಉಳಿಯುತ್ತದೆ, ಜೊತೆಗೆ ಬಹಳಷ್ಟು ಉಪ್ಪು. ಆ ನೀರನ್ನು ಹಾಗೇ ನದಿಗೆ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ತಿರುಪ್ಪೂರಿನ ನೊಯ್ಯಲ್ ನದಿಯ ಕಥೆ ಓದಿ. ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಿಸಿತು. ದುಡಿಯುವವರು ಕೆಲಸ ಕಳೆದುಕೊಂಡರು, ರೈತರು ಮೊದಲೇ ನೆಲ ಕಳೆದುಕೊಂಡಿದ್ದರು. ನೀರನ್ನು ಹೊರಗೆ ಬಿಡದೆ ಪೂರ್ತಿ ಶುದ್ಧೀಕರಿಸಿ ಮರುಬಳಕೆ ಮಾಡುವ ವ್ಯವಸ್ಥೆಯೊಂದಿಗೆ ಮಾತ್ರ ಘಟಕಗಳು ಮತ್ತೆ ತೆರೆಯಬೇಕಾಯಿತು. ಬಣ್ಣದ ವಿಭಾಗದಲ್ಲಿ ರಸಾಯನಶಾಸ್ತ್ರ ಬಲ್ಲವರಿಗೆ ಬೆಲೆ ಬಂದದ್ದರಲ್ಲಿ ಈ ತೀರ್ಪಿನ ಪಾಲೂ ಇದೆ.

ಹೊಲಿಗೆಯ ಸಾಲಿನಲ್ಲಿ ಗಣಿತ

ಟೈಲರ್ ಒಬ್ಬನೇ ಇಡೀ ಅಂಗಿ ಹೊಲಿಯುತ್ತಾನೆ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಒಬ್ಬರು ಕಾಲರ್, ಒಬ್ಬರು ಜೇಬು, ಒಬ್ಬರು ತೋಳು. ಪ್ರತಿ ಕೆಲಸಕ್ಕೆ ಇಷ್ಟು ನಿಮಿಷ ಎಂದು ಅಳೆದು ಇಟ್ಟಿರುತ್ತಾರೆ, ಒಟ್ಟು ಸೇರಿದರೆ ಆ ಅಂಗಿಯ ಎಸ್‌ಎಎಂ. ಒಂದು ಸಾಲಿನಲ್ಲಿ 30 ಜನ, ದಿನಕ್ಕೆ 480 ನಿಮಿಷ, ಅಂಗಿಯ ಎಸ್‌ಎಎಂ 18 ಎನ್ನಿ. 30 × 480 = 14,400 ನಿಮಿಷ, ಅದನ್ನು 18ರಿಂದ ಭಾಗಿಸಿದರೆ 800 ಅಂಗಿ ಬರಬೇಕು. ಬಂದದ್ದು 480 ಆದರೆ ದಕ್ಷತೆ ಶೇ. 60.

ಇಲ್ಲಿ ಎರಡು ದಾರಿಗಳಿವೆ. ಒಂದು, ಸೂಪರ್‌ವೈಸರ್ ಸಾಲಿನ ತುದಿಯಲ್ಲಿ ನಿಂತು ಕೂಗಾಡುವುದು. ಇನ್ನೊಂದು, ತಡೆ ಎಲ್ಲಿದೆ ಎಂದು ನೋಡುವುದು. ಕಾಲರ್ ಜೋಡಿಸುವಾಕೆ ಗಂಟೆಗೆ 60 ತುಂಡು ಮುಗಿಸಬಲ್ಲರು, ಅವರ ಹಿಂದಿನವರು 100 ಕಳಿಸುತ್ತಿದ್ದಾರೆ ಎಂದಾದರೆ ಕಾಲರ್ ಬಳಿ ರಾಶಿ ಬೀಳುತ್ತದೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ. ಆಕೆಯ ಮೇಲೆ ಕೂಗಿದರೆ ರಾಶಿ ಕರಗುವುದಿಲ್ಲ. ಅಲ್ಲಿಗೆ ಇನ್ನೊಂದು ಯಂತ್ರ ಹಾಕಿದರೆ ಕರಗುತ್ತದೆ. ಇದನ್ನು ಕಾಗದದ ಮೇಲೆ ತೋರಿಸಬಲ್ಲವನೇ ಇಂಡಸ್ಟ್ರಿಯಲ್ ಇಂಜಿನಿಯರ್. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ಕುಳಿತವರು ಬಹುಪಾಲು ಹೆಂಗಸರು. ನಿಂತು ಲೆಕ್ಕ ಬರೆದುಕೊಳ್ಳುವವರು ಹೆಚ್ಚಾಗಿ ಗಂಡಸರು. ನಮ್ಮ ಹೆಣ್ಣುಮಕ್ಕಳು ಈ ವಾಕ್ಯವನ್ನು ಇನ್ನೊಮ್ಮೆ ಓದಲಿ. ಆ ಪೆನ್ನು ಹಿಡಿಯಲು ಬೇಕಾಗಿರುವುದು ಪಿಯುಸಿಯ ಗಣಿತ ಮತ್ತು ಅದರ ಮೇಲೆ ಮೂರು-ನಾಲ್ಕು ವರ್ಷದ ಓದು.

ಈ ಓದು ಬರೀ ಉತ್ಪಾದನೆಗಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ ಕೆಲಸಗಾರರು ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಾಣಿಸಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳನ್ನು ಮುಚ್ಚಿದರು. ಮೇಲಿನ ಮಹಡಿಗಳ ಹೊಲಿಗೆಯವರನ್ನು ಮಾತ್ರ ಮರುದಿನ ಒಳಗೆ ಕಳಿಸಿದರು, ಆರ್ಡರ್ ಕಳಿಸುವ ದಿನ ಹತ್ತಿರವಿತ್ತು. ಆ ದುರಂತದ ನಂತರ ಕಾರ್ಖಾನೆಯ ಸುರಕ್ಷತೆ, ಕೂಲಿ, ಕೆಲಸದ ಅವಧಿಗಳನ್ನು ಪರಿಶೀಲಿಸುವ ಕಂಪ್ಲಯನ್ಸ್ ಕೆಲಸಕ್ಕೆ ತೂಕ ಬಂತು. ವಾಣಿಜ್ಯ, ಕಾನೂನು, ಸಮಾಜಕಾರ್ಯ ಓದಿದವರೂ ಈ ಕೆಲಸಕ್ಕೆ ಬರುತ್ತಾರೆ. ಬಾಗಿಲಿಗೆ ಬೀಗ ಹಾಕಿದ್ದಾರೆಯೇ, ಬೆಂಕಿ ಬಿದ್ದರೆ ಮೆಟ್ಟಿಲು ಖಾಲಿ ಇದೆಯೇ ಎಂದು ನೋಡಿ ಸತ್ಯ ಬರೆಯುವವನು ಅಲ್ಲಿ ಬೇಕು.

ಯಾರು ಎಲ್ಲಿ ಓದಬಹುದು

ಭೌತಶಾಸ್ತ್ರ, ಗಣಿತ ಓದಿದವರಿಗೆ ಬಿ.ಇ. ತೆರೆದಿದೆ. ಈ ಎರಡು ವಿಷಯಗಳ ಜೊತೆ ರಸಾಯನಶಾಸ್ತ್ರ ಅಥವಾ ಮಾನ್ಯವಾದ ಇನ್ನೊಂದು ವಿಜ್ಞಾನ ವಿಷಯ ಸೇರಿ ಶೇ. 45 ಅಂಕ ಬೇಕು, ಮೀಸಲಾತಿ ವರ್ಗಗಳಿಗೆ ಶೇ. 40. ಸಿಇಟಿ ರ್ಯಾಂಕಿನಲ್ಲಿ ಪಿಯುಸಿ ಅಂಕಕ್ಕೂ ಅರ್ಧ ಪಾಲು ಇದೆ ಎಂಬುದನ್ನು ಮರೆಯಬೇಡಿ. ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ ಸರ್ಕಾರಿ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ 1938ರಿಂದ ಇದೆ. ಜವಳಿ ತಂತ್ರಜ್ಞಾನ, ರೇಷ್ಮೆ ತಂತ್ರಜ್ಞಾನ ಎರಡಕ್ಕೂ ಹೆಸರಾದದ್ದು. ಸರ್ಕಾರಿ ಕಾಲೇಜಾದ್ದರಿಂದ ಶುಲ್ಕ ಕಡಿಮೆ. ಹಿಂದೆ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಈ ಶಾಖೆಯನ್ನು ನಡೆಸಿಕೊಂಡು ಬಂದಿದೆ. ಸೀಟುಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಆಯಾ ವರ್ಷ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಸೀಟು ಪಟ್ಟಿಯನ್ನೇ ನಂಬಿ. ಕಂಪ್ಯೂಟರ್ ಸೈನ್ಸ್ ಸಿಗದ ರ್ಯಾಂಕಿಗೂ ಸಾಮಾನ್ಯವಾಗಿ ಈ ಸೀಟು ಸಿಗುತ್ತದೆ. ಅದು ಅನುಕೂಲವೂ ಹೌದು, ಅಪಾಯವೂ ಹೌದು. "ಸಿಕ್ಕಿತು, ಸೇರಿದೆ" ಎಂಬವರಿಗೆ ಲೂಮಿನ ಸದ್ದು ಎರಡೇ ವಾರಕ್ಕೆ ತಲೆನೋವು ತರುತ್ತದೆ.

ಹೊರರಾಜ್ಯಗಳಲ್ಲಿ ದೆಹಲಿ ಐಐಟಿ ಮತ್ತು ಜಲಂಧರ್ ಎನ್‌ಐಟಿ ಇವೆ, ಎರಡಕ್ಕೂ ಜೆಇಇ ಬೇಕು. ಮುಂಬೈಯಲ್ಲಿ ವಿಜೆಟಿಐ ಮತ್ತು ಐಸಿಟಿ, ಕೊಯಮತ್ತೂರಿನಲ್ಲಿ ಪಿಎಸ್‌ಜಿ ಮತ್ತು ಕುಮಾರಗುರು, ಕಾನ್ಪುರದಲ್ಲಿ ಸರ್ಕಾರಿ ಜವಳಿ ತಂತ್ರಜ್ಞಾನ ಸಂಸ್ಥೆ. ಬೆಳಗಾವಿ, ನಿಪ್ಪಾಣಿ ಕಡೆಯವರಿಗೆ ಗಡಿಯಾಚೆಯ ಇಚಲಕರಂಜಿಯ ಡಿಕೆಟಿಇ ಹತ್ತಿರ. ಅದು ಮಗ್ಗಗಳ ಮಧ್ಯೆಯೇ ಇರುವ ಕಾಲೇಜು, ಕಲಿಕೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ.

ವಿನ್ಯಾಸದ ಕಡೆ ಒಲವಿರುವವರಿಗೆ ಎನ್‌ಐಎಫ್‌ಟಿ. 1986ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸಂಸ್ಥೆಗೆ ಬೆಂಗಳೂರಿನಲ್ಲೂ ಕ್ಯಾಂಪಸ್ ಇದೆ. ಬಿ.ಡಿಸೈನ್ ಪದವಿಗೆ ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಅರ್ಜಿ ಹಾಕಬಹುದು. ಬಿ.ಎಫ್.ಟೆಕ್.ಗೆ ಗಣಿತ ಓದಿರಬೇಕು. ಪ್ರವೇಶ ಪರೀಕ್ಷೆಯ ಅರ್ಜಿ ಪಿಯುಸಿ ವಾರ್ಷಿಕ ಪರೀಕ್ಷೆಗೂ ಬಹಳ ಮುಂಚೆಯೇ ಮುಗಿದುಹೋಗುತ್ತದೆ. ಫಲಿತಾಂಶ ಬಂದ ಮೇಲೆ ವಿಚಾರಿಸಲು ಬರುವವರಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಶುಲ್ಕ ಹೆಚ್ಚು, ಇದನ್ನು ಮನೆಯಲ್ಲಿ ಮೊದಲೇ ಮಾತಾಡಿ.

ಜೀವಶಾಸ್ತ್ರದವರಿಗೆ ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜು, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಪದವಿ ಇವೆ. ಎರಡನೆಯದರಲ್ಲಿ ಜವಳಿ ಮತ್ತು ಉಡುಪು ವಿನ್ಯಾಸದ ವಿಭಾಗವೇ ಇದೆ. ಕೈಮಗ್ಗದ ಕುಟುಂಬದವರಿಗೆ ಗದಗ-ಬೆಟಗೇರಿಯ ಕರ್ನಾಟಕ ಕೈಮಗ್ಗ ತಂತ್ರಜ್ಞಾನ ಸಂಸ್ಥೆ, ಕೇಂದ್ರ ಸರ್ಕಾರದ ಸೇಲಂ ಸಂಸ್ಥೆ ಇವೆ. ಎರಡರಲ್ಲೂ ಮೂರು ವರ್ಷದ ಡಿಪ್ಲೊಮಾ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಮನೆಯಲ್ಲಿ ಒಪ್ಪದಿದ್ದರೆ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸ ಮತ್ತು ತಯಾರಿಕಾ ತಂತ್ರಜ್ಞಾನದ ಡಿಪ್ಲೊಮಾ ಎಲ್ಲೆಲ್ಲಿದೆ ಎಂದು ವಿಚಾರಿಸಿ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿ.ಇ.ಗೆ ಸೇರಬಹುದು. ಅಲ್ಲಿಗೆ ದಾರಿ ಮುಗಿಯುವುದಿಲ್ಲ.

ವಾಣಿಜ್ಯದವರು ಇಲ್ಲಿ ತಮಗೇನೂ ಇಲ್ಲವೆಂದು ಪುಟ ತಿರುಗಿಸುವುದು ಬೇಡ. ಮರ್ಚಂಡೈಸರ್ ಎಂಬ ಹುದ್ದೆ ನೋಡಿ. ಹೊರದೇಶದ ಖರೀದಿದಾರ ಕಳಿಸಿದ ವಿವರಗಳನ್ನು ಓದಿ, ಒಂದು ಅಂಗಿಗೆ ಬಟ್ಟೆ ಎಷ್ಟು, ದಾರ ಎಷ್ಟು, ಗುಂಡಿ ಎಷ್ಟು ಎಂದು ವೆಚ್ಚ ಕಟ್ಟಿ, ದರ ಒಪ್ಪಿಸಿ, ಹಡಗಿನ ದಿನಕ್ಕೆ ಸರಕು ಸಿದ್ಧವಾಗುವಂತೆ ನೋಡಿಕೊಳ್ಳುವವರು ಇವರು. ರಫ್ತಿನ ಕಾಗದಪತ್ರ, ಲೆಟರ್ ಆಫ್ ಕ್ರೆಡಿಟ್, ಡಾಲರ್ ದರ ಎಲ್ಲವೂ ನಿಮ್ಮ ಪುಸ್ತಕದಲ್ಲಿರುವ ವಿಷಯಗಳೇ. ಬಿ.ಕಾಂ. ಅಥವಾ ಬಿಬಿಎ ಮುಗಿಸಿ ಉಡುಪು ವ್ಯಾಪಾರದ ಸ್ನಾತಕೋತ್ತರ ಕೋರ್ಸ್ ಮಾಡಬಹುದು. ಕೊಯಮತ್ತೂರಿನ ಸರ್ದಾರ್ ವಲ್ಲಭಭಾಯಿ ಪಟೇಲ್ ಜವಳಿ ಮತ್ತು ನಿರ್ವಹಣಾ ಸಂಸ್ಥೆ ಇಂಥದ್ದಕ್ಕೇ ಇರುವ ಕೇಂದ್ರ ಸರ್ಕಾರಿ ಸಂಸ್ಥೆ. ಇಂಗ್ಲಿಷಿನಲ್ಲಿ ತಪ್ಪಿಲ್ಲದ ಒಂದು ಪತ್ರ ಬರೆಯಲು ಬರಬೇಕು, ಇದಕ್ಕೆ ವಿನಾಯಿತಿ ಇಲ್ಲ.

ಸೇರುವ ಮುಂಚೆ

ಊರೂರಲ್ಲಿ ಫ್ಯಾಷನ್ ಡಿಸೈನಿಂಗ್ ಸಂಸ್ಥೆಗಳ ಫ್ಲೆಕ್ಸ್ ಬೋರ್ಡುಗಳಿವೆ. ಎಲ್ಲವೂ ಮೋಸವಲ್ಲ. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮ್ಮಿಯ ಬಳೆ ಅಡವಿಟ್ಟು ಒಂದು ಕಡೆ ಲಕ್ಷಗಟ್ಟಲೆ ಕಟ್ಟಿದಳು. ಕೊನೆಗೆ ಸಿಕ್ಕಿದ್ದು ಯಾವ ವಿಶ್ವವಿದ್ಯಾಲಯದ ಹೆಸರೂ ಇಲ್ಲದ ಒಂದು ಪ್ರಮಾಣಪತ್ರ. ಕಲಿಸಿದ್ದು ಹೊಲಿಗೆ ಮತ್ತು ಚಿತ್ರ, ಅದನ್ನು ಅವಳು ಮನೆಯಲ್ಲೇ ಚಿಕ್ಕಮ್ಮನಿಂದ ಕಲಿತಿದ್ದಳು. ಆದ್ದರಿಂದ ಹಣ ಕಟ್ಟುವ ಮುಂಚೆ ಕೇಳಿ: ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಅದು ಯುಜಿಸಿ ಪಟ್ಟಿಯಲ್ಲಿದೆಯೇ? ತಾಂತ್ರಿಕ ಕೋರ್ಸಾದರೆ ಎಐಸಿಟಿಇ ಮಾನ್ಯತೆ ಇದೆಯೇ? ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯ ತೋರಿಸುತ್ತಾರೆಯೇ? ಹಿಂದಿನ ಬ್ಯಾಚಿನ ಇಬ್ಬರ ಜೊತೆ ಮಾತಾಡಲು ಬಿಡುತ್ತಾರೆಯೇ? ಕೊನೆಯ ಪ್ರಶ್ನೆಗೆ ಅವರ ಮುಖಭಾವವೇ ಉತ್ತರ ಕೊಡುತ್ತದೆ.

ಸಿಇಟಿ ಮೂಲಕ ವೃತ್ತಿಶಿಕ್ಷಣಕ್ಕೆ ಆಯ್ಕೆಯಾದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆ ಇದೆ. ಅದು ಸಾಲ, ತೀರಿಸಬೇಕು. ವಿದ್ಯಾರ್ಥಿವೇತನ ಬೇರೆ. ಎರಡಕ್ಕೂ ಆದಾಯ ಮತ್ತು ಜಾತಿ ಪ್ರಮಾಣಪತ್ರದಲ್ಲಿನ ಹೆಸರು, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂರರಲ್ಲೂ ಒಂದೇ ರೀತಿ ಇರಬೇಕು. ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಬರೀ ಎಂ.ಡಿ. ಎಂದಿದ್ದರೆ ಈಗಲೇ ಸರಿಪಡಿಸಿ. ಜೂನ್ ತಿಂಗಳ ಸಾಲಿನಲ್ಲಿ ನಿಂತು ಸರಿಪಡಿಸಲು ಆಗುವುದಿಲ್ಲ.

ಮೊದಲ ಕೆಲಸದ ಬಗ್ಗೆ ಸುಳ್ಳು ಭರವಸೆ ಕೊಡುವುದು ಸರಿಯಲ್ಲ. ಗಿರಣಿಯಲ್ಲಿ ಮೂರು ಪಾಳಿ, ಹೊಸಬರಿಗೆ ರಾತ್ರಿ ಪಾಳಿ ತಪ್ಪದು. ಆರಂಭದ ಸಂಬಳ ಸಾಫ್ಟ್‌ವೇರ್‌ನವರ ಮುಂದೆ ಕಡಿಮೆಯೇ. ಎರಡು-ಮೂರು ವರ್ಷ ನಿಂತವರಿಗೆ ಗುಣಮಟ್ಟ, ಉತ್ಪಾದನೆ, ಖರೀದಿ ಹೀಗೆ ದಾರಿಗಳು ಒಡೆಯುತ್ತವೆ. ಏರ್‌ಬ್ಯಾಗ್, ಶಸ್ತ್ರಚಿಕಿತ್ಸೆಯ ಬಟ್ಟೆ, ರಸ್ತೆಯ ಕೆಳಗೆ ಹಾಸುವ ಜಿಯೋಟೆಕ್ಸ್‌ಟೈಲ್‌ನಂತಹ ತಾಂತ್ರಿಕ ಜವಳಿಗಾಗಿ 2020ರಲ್ಲಿ ಕೇಂದ್ರ ಸರ್ಕಾರ ₹1,480 ಕೋಟಿಯ ರಾಷ್ಟ್ರೀಯ ಮಿಷನ್ ಆರಂಭಿಸಿತು. 2023ರಲ್ಲಿ ದೊಡ್ಡ ಜವಳಿ ಪಾರ್ಕುಗಳಿಗೆ ಆರಿಸಿದ ಏಳು ಸ್ಥಳಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಪಾರ್ಕ್ ಬಂದಾಗ ಕಲ್ಯಾಣ ಕರ್ನಾಟಕದ ಹುಡುಗ ಹುಡುಗಿಯರು ಗೇಟಿನ ಕಾವಲಿಗೆ ಮಾತ್ರ ಸೇರಬೇಕೋ ಒಳಗಿನ ಪ್ರಯೋಗಾಲಯಕ್ಕೂ ಸೇರಬೇಕೋ ಎಂಬುದು ಇಂದು ಪಿಯುಸಿಯಲ್ಲಿ ಇರುವವರು ಏನು ಓದುತ್ತಾರೆ ಎಂಬುದರ ಮೇಲಿದೆ.

ಮಾಡಿ ನೋಡಿ

ನಮ್ಮ ಕಾಲೇಜಿನ ಸಮವಸ್ತ್ರದ ಬಟ್ಟೆಯ ಒಂದು ಚೂರನ್ನು ಹೊಲಿಗೆಯವರಿಂದ ಕೇಳಿ ತನ್ನಿ. (ಹಾಕಿಕೊಂಡ ಸಮವಸ್ತ್ರವನ್ನು ಯಾರೂ ಕತ್ತರಿಸುವುದು ಬೇಡ.) 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚೌಕ ಕತ್ತರಿಸಿ ತೂಗಿ, ಬಂದ ಗ್ರಾಂ ಅನ್ನು 100ರಿಂದ ಗುಣಿಸಿ. ಅದೇ ಜಿಎಸ್‌ಎಂ, ಒಂದು ಚದರ ಮೀಟರ್ ಬಟ್ಟೆಯ ತೂಕ. ಭೂತಗನ್ನಡಿ ಹಿಡಿದು ಒಂದು ಅಂಗುಲದಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಣಿಸಿ. ಆಮೇಲೆ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಉಪನ್ಯಾಸಕರ ಎದುರಿನಲ್ಲೇ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ, ಸಮವಸ್ತ್ರದಲ್ಲಿ ಅದು ಬರಲಾರದು. ಬೂದಿಯೂ ಮಣಿಯೂ ಎರಡೂ ಉಳಿದರೆ ಏನರ್ಥ ಎಂದು ನೀವೇ ಬರೆಯಿರಿ. ತಕ್ಕಡಿ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿದೆ, ಶನಿವಾರ ತರಗತಿ ಮುಗಿದ ಮೇಲೆ ಬರಬಹುದು.